ಬಂಡಿದಾರಿಯ ಬಾಯಲ್ಲಿ ನಿಂತವರು

ನಮ್ಮ ಮನೆಯವರನ್ನು ದಾರಿ ತೋರಿಸುವ ಕೆಲಸಕ್ಕೆ ಹಚ್ಚಬಾರದು ಎಂದು ಮನೆಮಂದಿಗೆಲ್ಲ ಗೊತ್ತು. ಆದರೂ ಆ ಭಾನುವಾರ ಹಚ್ಚಬೇಕಾಯಿತು. ಸೊಸೆ ಸುವರ್ಣಾ ರೊಟ್ಟಿ ಬಡಿಯುತ್ತಿದ್ದಳು, ಮಗ ಅಮಿತಕುಮಾರ ನೀರಿನ ಕ್ಯಾನು ಹೊರುತ್ತಿದ್ದ, ನಾನು ಅಂಬಲಿ ಕಾಯಿಸುತ್ತಿದ್ದೆ. ಕೈ ಖಾಲಿ ಇದ್ದವರು ಅವರೊಬ್ಬರೇ.

ಅವರ ಹೆಸರು ವೈಜಿನಾಥ. ರಸ್ತೆ ಹಾಕುವ ಗ್ಯಾಂಗಿನಲ್ಲಿ ಹರೆಯವನ್ನೆಲ್ಲ ಕಳೆದವರು. ಔರಾದದಿಂದ ಬಂದು ನಮ್ಮೂರ ಮುಂದೆ ಹಾದು ಚಿಂತಾಕಿ ಕಡೆಗೆ ಹೋಗುವ ರಸ್ತೆಗೆ ಮೊದಲ ಸಲ ಡಾಂಬರು ಬಿದ್ದಾಗ, ಕಾಲಿಗೆ ಗೋಣಿತಟ್ಟು ಕಟ್ಟಿಕೊಂಡು ಬಿಸಿ ಡಾಂಬರು ಸುರಿದವರಲ್ಲಿ ಇವರೂ ಇದ್ದರು. ಅವತ್ತಿನಿಂದ ಆ ರಸ್ತೆ ಇವರ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಹಾಗೆ. ಮದುವೆಗೆ ಹೋಗಿ ಬಂದರೆ ಊಟ ಹೇಗಿತ್ತು ಎಂದು ಹೇಳುವುದಿಲ್ಲ, ರಸ್ತೆ ಹೇಗಿತ್ತು ಎಂದು ಹೇಳುತ್ತಾರೆ. ಮಗಳು ಹೆತ್ತು ಮಲಗಿದ್ದಾಗ ಬೀದರಿನ ಆಸ್ಪತ್ರೆಗೆ ಹೋಗಿ ಕೂಸಿನ ಮುಖ ನೋಡಿ, ಮೊದಲು ಆಡಿದ ಮಾತು, ಭಾಲ್ಕಿ ಕಡೆ ಸೇತುವೆ ಹತ್ತಿರ ಬಹಳ ತಗ್ಗು ಬಿದ್ದಾವ ಎಂಬುದು.

ಇಂಥವರ ಜೊತೆ ಬಾಳುವೆ ಮಾಡುವವಳಿಗೆ ಸಮಾಧಾನ ಬೇಕು. ಆ ಭಾನುವಾರ ನನ್ನ ಸಮಾಧಾನ ತಳ ಕಂಡಿತು.

ಸಂಗತಿ ಬಂಡಿದಾರಿಯದು. ಊರ ಹೊರಗೆ ಡಾಂಬರು ರಸ್ತೆಯ ಪಕ್ಕದಲ್ಲಿ ಒಂದು ಬೇವಿನ ಮರವಿದೆ. ಅಲ್ಲಿಂದ ಎಡಕ್ಕೆ ಹೊರಳುವ ಬಂಡಿದಾರಿ, ನನ್ನನ್ನು ದೊಡ್ಡಮ್ಮ ಎನ್ನುವ ನಂದಕುಮಾರನ ಎರಡು ಹೊಲಗಳ ನಡುವೆ ಹಾದು, ಗರಸಿನಂಥ ಮುರುಮಿನ ಸಣ್ಣ ಗುಡ್ಡ ಹತ್ತಿ ಇಳಿದು, ಹಳ್ಳ ದಾಟಿ, ನಮ್ಮ ಹೊಲದ ಹುಣಸೆಮರಕ್ಕೆ ಬಂದು ಮುಟ್ಟುತ್ತದೆ. ಮರದಿಂದ ಇನ್ನೊಂದಿಷ್ಟು ನಡೆದರೆ ಮತ್ತೆ ಅದೇ ಡಾಂಬರು ರಸ್ತೆ ಸಿಗುತ್ತದೆ. ಅಷ್ಟರಲ್ಲಿ ಅದು ಗುಡ್ಡವನ್ನು ಪೂರಾ ಸುತ್ತು ಹಾಕಿ ಬಂದಿರುತ್ತದೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಬಂಡಿದಾರಿಯಲ್ಲೇ ಹೊಲಕ್ಕೆ ಹೋದವಳು. ಈಗ ಬಂಡಿ ಇಲ್ಲ, ಎತ್ತೂ ಇಲ್ಲ. ಅಮಿತ ಟ್ರ್ಯಾಕ್ಟರ್ ತೆಗೆದುಕೊಂಡು ಡಾಂಬರಿನ ಮೇಲೆ ಸುತ್ತಿ ಹೋಗುತ್ತಾನೆ. ನಾನು ಮಾತ್ರ ನಾಲ್ಕು ಕುರಿ ಹೊಡೆದುಕೊಂಡು ಗುಡ್ಡದ ಮೇಲಿಂದಲೇ ಹೋಗುತ್ತೇನೆ. ಸುತ್ತು ಹಾಕುವ ಮೊಣಕಾಲು ನನ್ನವಲ್ಲ. ಆ ದಾರಿ ಹೋದರೆ ನನ್ನ ಮಟ್ಟಿಗೆ ಹೊಲವೂ ಹೋದಂತೆಯೇ. ಆಮೇಲೆ ಮನೆಯ ಮುಂದೆ ಕುಳಿತು ಅಮಿತ ಹೇಳಿದ ಸುದ್ದಿ ಕೇಳಬೇಕು ಅಷ್ಟೆ. ಕಡಲೆ ಕಾಯಿ ಕಟ್ಟಿತೋ ಇಲ್ಲವೋ ಎಂದು.

ನಂದಕುಮಾರ ವರ್ಷಕ್ಕೊಂದು ಸಾಲು ಒಳಗೆ ಸರಿಯುತ್ತಿದ್ದ. ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು. ಎರಡು ಬಂಡಿ ಎದುರಾದರೂ ದಾಟುತ್ತಿದ್ದ ದಾರಿ ಕೊನೆಗೆ ಎರಡು ಕುರಿ ಎದುರಾದರೆ ಒಂದು ಬದುವಿಗೆ ಹತ್ತುವಷ್ಟಾಯಿತು. ಈ ಸಲ ತೊಗರಿ ಕಡಿದ ಮೇಲೆ ಅವನು ಬಾಯಿಬಿಟ್ಟು ಹೇಳಿಯೇಬಿಟ್ಟ, ಪೂರಾ ಉಳುತ್ತೇನೆ ಎಂದು.

ಮಾತು ಊರ ಕಟ್ಟೆಗೆ ಬಂತು. ಕಟ್ಟೆಯಲ್ಲಿ ಕಾಶೀನಾಥಪ್ಪನವರು ಕುಳಿತಿದ್ದರು. ನಂದಕುಮಾರನಿಗೆ ಸಂಬಂಧದಲ್ಲಿ ಕಾಕಾ, ನನಗೆ ಅಣ್ಣನ ವರಸೆ. ಹಣೆ ತುಂಬ ವಿಭೂತಿ, ಬಾಯಲ್ಲಿ ಮಾತು ಕಡಿಮೆ. ಅವರ ಮಾತನ್ನು ಊರಿನಲ್ಲಿ ಯಾರೂ ತೆಗೆದುಹಾಕುವುದಿಲ್ಲ.

“ದಾರಿ ಅಂದ್ರ ಮಂದಿ ಓಡಾಡಬೇಕು ಕಾಕಾ,” ಎಂದ ನಂದಕುಮಾರ. “ಯಾರ ಓಡಾಡ್ತಾರ ಅಲ್ಲಿ? ನೀವೇ ಹೇಳ್ರಿ.”

“ನಾ ಓಡಾಡ್ತೇನಿ,” ಎಂದೆ.

“ಒಬ್ಬ ಮುದುಕಿ ನಡದ್ರ ಅದು ದಾರಿ ಆಗ್ತದೇನ ದೊಡ್ಡಮ್ಮ? ಹಂಗಂದ್ರ ನನ್ನ ಅಂಗಳದಾಗ ಕೋಳಿನೂ ದಿನಾ ಓಡಾಡ್ತದ.”

ಕಟ್ಟೆಯ ಮೇಲಿದ್ದವರು ನಕ್ಕರು. ನಮ್ಮ ಮನೆಯವರೂ ನಕ್ಕರು. ಅವರ ಕಡೆ ನೋಡಿದೆ, ನಗು ನಿಲ್ಲಿಸಿದರು. ನಿಲ್ಲಿಸಿ ಸುಮ್ಮನಾದರೆ ಆಗುತ್ತಿತ್ತು. “ಖರೇ ಹೇಳ್ಬೇಕಂದ್ರ ಅಲ್ಲಿ ಬರೇ ಕಲ್ಲ ಅವ,” ಎಂದರು. “ಅಷ್ಟ ಚಂದ ಡಾಂಬರ ರಸ್ತಾ ಇರ್ಬೇಕಾದ್ರ ಅದರಾಗ ಯಾಕ ಹೋಗ್ಬೇಕು ಅಂತೀನಿ.”

ನನ್ನ ಗಂಡ ನನ್ನ ಕಡೆಯವರೋ ಅವನ ಕಡೆಯವರೋ ಎಂದು ಕಾಶೀನಾಥಪ್ಪನವರು ಕೇಳಲಿಲ್ಲ, ಅವರು ದೊಡ್ಡವರು. ನನ್ನ ಕಡೆ ತಿರುಗಿ ಹೇಳಿದರು: “ಸುಂದರಬಾಯಿ, ನೀ ಬಿಟ್ಟು ಇನ್ನೊಬ್ಬರು ಆ ದಾರೀಲೆ ಹೋಗೋದು ನನ್ನ ಕಣ್ಣಿಗಿ ತೋರ್ಸು. ತೋರ್ಸಿದ್ರ ದಾರಿ ಇರ್ಲಿ. ಇಲ್ಲಾಂದ್ರ ಅವ ಉಳ್ಕೊಳ್ಳಿ.”

ಯಾರನ್ನು ತೋರಿಸಲಿ? ಹಳ್ಳಿಯಲ್ಲಿ ಈಗ ನಡೆಯುವವರೇ ಇಲ್ಲ. ನೆರೆಮನೆಗೆ ಹೋಗಬೇಕಾದರೂ ಮೋಟರ್‌ಸೈಕಲ್ ಒದೆಯುತ್ತಾರೆ.

ಹೀಗಿರುವಾಗ ಮಗಳ ಮಗಳು ಸರಿತಾ ಬಂದಳು. ಬೀದರಿನ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಬಸ್ಸಿಗೆ ಬರಲಿಲ್ಲ, ಸೈಕಲ್ ಮೇಲೆ ಬಂದಳು. ಸೈಕಲ್ ನೋಡಿದರೆ ಹಗುರ, ಗಾಲಿ ನೋಡಿದರೆ ದಪ್ಪ. ಬಟ್ಟೆ, ಮುಖ, ಹುಬ್ಬು ಎಲ್ಲ ಒಂದೇ ಬಣ್ಣದ ಧೂಳು. ಅವಳ ಮುತ್ಯಾ, ನಮ್ಮ ಮನೆಯವರು, ಹೊರಗೆ ಬಂದು ಗಾಬರಿಯಾದರು.

“ಎಲ್ಲಿ ಬಿದ್ದಿ ತಾಯಿ?”

“ಬಿದ್ದಿಲ್ಲ ಮುತ್ಯಾ. ಹೊಲದ ದಾರೀಲೆ ಬಂದೆ.”

“ಯಾಕ? ರಸ್ತಾ ಬಂದ್ ಆಗ್ಯದೇನ?”

“ರಸ್ತಾ ಬ್ಯಾಡಾಗಿತ್ತು.”

ಅವರು ನನ್ನ ಮುಖ ನೋಡಿದರು. ನನಗೂ ಅರ್ಥವಾಗಲಿಲ್ಲ. ಕೈಕಾಲು ತೊಳೆದುಕೊಂಡು ರೊಟ್ಟಿ ತಿನ್ನುತ್ತ ಅವಳು ವಿವರಿಸಿದಳು. ಮಣ್ಣಿನ ದಾರಿ, ಮುರುಮಿನ ದಾರಿ, ಖಡಿ ಕಲ್ಲು ಎದ್ದ ದಾರಿ ಹುಡುಕಿಕೊಂಡು ಸೈಕಲ್ ಹೊಡೆಯುವ ಒಂದು ಮಂದಿ ಇದ್ದಾರಂತೆ. ಗ್ರ್ಯಾವೆಲ್ ಎನ್ನುತ್ತಾರಂತೆ ಅದಕ್ಕೆ. ಹೈದರಾಬಾದಿನಿಂದ, ಸೊಲ್ಲಾಪುರದಿಂದ ಎಲ್ಲ ಬರುತ್ತಾರಂತೆ. ಎರಡು ದಿನದ ದಾರಿಯನ್ನು ಹೊಂದಿಸುವ ಕೆಲಸ ಸರಿತಾಳದು. ಬೀದರ ಕೋಟೆಯ ಬಗಲಿಂದ ಕೆಂಪು ಮಣ್ಣಿನಲ್ಲಿ ಇಳಿದು, ಖಟಕ ಚಿಂಚೋಳಿ ಕಡೆಯ ಕರಿ ಹೊಲಗಳ ಬದುವಿನ ಮೇಲೆ ಹಾದು, ಭಾಲ್ಕಿಯಲ್ಲಿ ವಸ್ತಿ. ಮರುದಿನ ಕಬ್ಬಿನ ಗದ್ದೆಗಳ ಸಂದಿಯಲ್ಲಿ ಮಾಂಜ್ರಾ ದಂಡೆಗೆ ಬಂದು, ಹೊಳೆ ದಾಟಿ, ಜಿಂಕೆ ಓಡಾಡುವ ಹುಲ್ಲುಗುಡ್ಡಗಳ ಮೇಲಿಂದ ಔರಾದ. ಅಲ್ಲಿಂದ ಚಿಂತಾಕಿ, ತಿರುಗಿ ಬೀದರ.

“ಇಡೀ ದಾರಿಗಿ ಒಂದೇ ತೊಂದ್ರಿ ಆಯಿ,” ಎಂದಳು ನನಗೆ. “ಔರಾದ ದಾಟಿದ ಮ್ಯಾಲ ಪೂರಾ ಡಾಂಬರ. ಮಂದಿ ಬೈತಾರ. ನಿಮ್ಮ ಹೊಲದ ಗುಡ್ಡದ ದಾರಿ ಇನ್ನೂ ಅದ ಅಲ್ಲ?”

ನನ್ನ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು. “ಎಷ್ಟು ಮಂದಿ ಬರ್ತಾರ?”

“ಮೂವತ್ತು, ನಲ್ವತ್ತು.”

“ಎಲ್ಲಾರೂ ಆ ದಾರೀಲೆ ಹೋಗ್ತಾರ?”

“ಅದಕ್ಕೇ ಬರ್ತಾರ.”

ಅವಳಿಗೆ ಎಲ್ಲ ಹೇಳಿದೆ. ಕೇಳಿ, ಗದ್ದಕ್ಕೆ ಹತ್ತಿದ ಕಾಳುಸೊಪ್ಪಿನ ಭಜ್ಜಿ ಒರೆಸಿಕೊಂಡು, “ಕಾಶೀನಾಥ ಮುತ್ಯಾಗ ಭಾನುವಾರ ಹುಣಸಿಗಿಡದ ಕೆಳಗ ಕುಂದರ್ಲಾಕ ಹೇಳು,” ಎಂದಳು. “ಅಲ್ಲೇ ಊಟ ಇಡು. ಹೊಟ್ಟಿ ಹಸಿದು ಬಂದವರು ಎಲ್ಲಿ ಊಟ ಅದ ಅಲ್ಲಿಗೇ ಬರ್ತಾರ.”

ಮುತ್ಯಾ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದರು. ಕೊನೆಗೆ ಕೇಳಿದರು: “ಈ ಮಂದಿಗಿ ಮನ್ಯಾಗ ಯಾರೂ ಬುದ್ಧಿ ಹೇಳೋರಿಲ್ಲೇನು?”

ಶನಿವಾರ ಸಂಜೆ ನಾನು ಕುರಿ ಹೊಡೆದುಕೊಂಡು ಬರುವಾಗ ಬಂಡಿದಾರಿಯ ಬಾಯಲ್ಲಿ ನಂದಕುಮಾರನ ಟ್ರ್ಯಾಕ್ಟರ್ ಗುರುಗುಡುತ್ತಿತ್ತು. ಬೇವಿನ ಮರದಿಂದ ಹಿಡಿದು ಗುಡ್ಡದ ಬುಡದವರೆಗೆ, ಎರಡು ಹೊಲದ ನಡುವಿನ ದಾರಿಯನ್ನು ಅಡ್ಡಡ್ಡ ಉತ್ತು ಹಾಕಿದ್ದ. ತಲೆಯಷ್ಟು ದಪ್ಪ ಹೆಂಟೆಗಳು. ಎಡಗಡೆ ಅವನದೇ ಕಡಲೆ, ಹೂ ಹಿಡಿದು ನಿಂತಿದೆ. ಬಲಗಡೆ ತೊಗರಿ ಕೂಳೆ. ನಡುವೆ ದಾರಿ ಇತ್ತು ಎಂದು ಹೇಳಿದರೆ ನಂಬುವವರಿಲ್ಲ.

“ಭಾನುವಾರ ತನಕ ತಡೀಲಿಕ್ಕ ಆಗ್ಲಿಲ್ಲೇನ?” ಎಂದೆ.

“ಮಣ್ಣು ಹದಕ್ಕ ಬಂದಿತ್ತು ದೊಡ್ಡಮ್ಮ,” ಎಂದ. ಅವನ ಮುಖದ ಮೇಲೆ ಒಂದು ಗೆರೆಯೂ ಅಲ್ಲಾಡಲಿಲ್ಲ. “ಹದ ಹೋದ್ರ ಮತ್ತ ಯಾವಾಗ ಉಳಬೇಕು?”

ಬಗ್ಗಿ ಒಂದು ಹಿಡಿ ಕರಿಮಣ್ಣು ಹಿಚುಕಿ ನೋಡಿದೆ. ಹದ ಬಂದದ್ದೂ ನಿಜವೇ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು.

ಮನೆಗೆ ಬಂದು ಸರಿತಾಳಿಗೆ ಫೋನು ಮಾಡಿಸಿದೆ. ಭಾಲ್ಕಿಯಲ್ಲಿದ್ದಳು. ತಾನು ಎಲ್ಲರ ಹಿಂದೆ ಬರಬೇಕು, ದಣಿದವರನ್ನು ಕರೆತರಬೇಕು, ಅದಕ್ಕೆ ಬೇವಿನ ಮರದ ಹತ್ತಿರ ಯಾರಾದರೂ ನಿಂತು ಉತ್ತ ಹೊಲದ ನಡುವೆಯೇ ಹೋಗಲು ಹೇಳಬೇಕು, ಗುಡ್ಡ ಹತ್ತಿದರೆ ಮುಂದೆ ದಾರಿ ತಾನೇ ಕಾಣುತ್ತದೆ ಎಂದಳು. ಒಂದು ಹಲಗೆಯೂ ಇರಲಿ ಎಂದಳು. ಹಳೆಯ ಬಾಗಿಲಿನ ಹಲಗೆಯ ಮೇಲೆ ಸುಣ್ಣದಲ್ಲಿ ನಾನೇ ಬರೆದೆ: ‘ಸೈಕಲ್ ದಾರಿ ಇದೇ’. ಪಕ್ಕದಲ್ಲಿ ಒಂದು ಬಾಣ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರು ಮಡಿ ಧೋತರ ಉಟ್ಟು, ಬಿಳಿ ರುಮಾಲು ಸುತ್ತಿ, ಕೈಯಲ್ಲಿ ಬಡಿಗೆ ಹಿಡಿದು ನಿಂತರು. ಹಲಗೆ ಕೈಗೆ ಕೊಟ್ಟೆ.

“ಏನ್ ಹೇಳ್ತೀರಿ ಬಂದವರಿಗಿ?”

“ಈ ಕಡಿ ಹೋಗ್ರಿ ಅಂತ.”

“ಯಾವ ಕಡಿ?”

“ಹೊಲದ ಕಡಿ. ತಿಳೀತು ಬಿಡ. ನಾ ಏನ್ ಸಣ್ಣ ಕೂಸ ಇದ್ದೇನಿ?”

ನಾನು ಅಮಿತನ ಟ್ರ್ಯಾಕ್ಟರ್ ಹತ್ತಿ, ಡಾಂಬರಿನ ಮೇಲೆ ಸುತ್ತಿ, ಅಂಬಲಿಯ ಕೊಡ ತೊಡೆಯ ನಡುವೆ ಹಿಡಿದುಕೊಂಡು ಹುಣಸೆಮರಕ್ಕೆ ಹೋದೆ. ಕಾಶೀನಾಥಪ್ಪನವರು ಆಗಲೇ ಕಂಬಳಿ ಹಾಸಿಕೊಂಡು ಕುಳಿತಿದ್ದರು. ನಂದಕುಮಾರ ಅವರ ಪಕ್ಕದಲ್ಲಿ. ಅವರನ್ನು ಮೋಟರ್‌ಸೈಕಲ್ ಮೇಲೆ ಕರೆತಂದವನು ಅವನೇ. ಅವನೂ ಡಾಂಬರಿನ ಮೇಲೆಯೇ ಬಂದಿದ್ದ, ಗುಡ್ಡದ ಮೇಲೆ ತನ್ನ ಗಾಲಿಯ ಗುರುತು ಬೀಳಬಾರದೆಂದು.

“ಶರಣು ಶರಣಾರ್ಥಿ,” ಎಂದರು ಕಾಶೀನಾಥಪ್ಪನವರು. “ಮಧ್ಯಾಹ್ನ ತನಕ ಕುಂದರ್ತೇನಿ ಸುಂದರಬಾಯಿ. ಆಮ್ಯಾಲ ನನ್ನ ಸೊಂಟ ಕೇಳಂಗಿಲ್ಲ.”

ಕುಳಿತೆವು. ಸಜ್ಜೆ ರೊಟ್ಟಿಯ ಗಂಟು, ಭಜ್ಜಿಯ ಬೋಗುಣಿ, ಶೇಂಗಾ ಹಿಂಡಿ, ಅಂಬಲಿ. ನೊಣ ಹೊಡೆಯುತ್ತ ಗುಡ್ಡದ ನೆತ್ತಿ ನೋಡುತ್ತಿದ್ದೆ. ಅಲ್ಲಿ ಕಲ್ಲಿನ ಹಾಸಿನ ಮೇಲೆ ಬಂಡಿಯ ಗಾಲಿ ಹಾದು ಹಾದು ಎರಡು ಗೆರೆ ಕೊರೆದುಬಿಟ್ಟಿವೆ. ನಮ್ಮ ಅತ್ತೆಯ ಅತ್ತೆಯ ಕಾಲದಿಂದಲೂ ಇವೆ. ಅವನ್ನು ಯಾವ ನೇಗಿಲೂ ಉಳಲಾರದು. ಆದರೆ ಎರಡು ಕಡೆ ಹೊಲ ಮುಚ್ಚಿಬಿಟ್ಟರೆ ಗುಡ್ಡದ ಮೇಲೆ ಗೆರೆ ಇದ್ದೇನು ಮಾಡುವುದು?

ಬಿಸಿಲು ಏರಿತು. ನೆತ್ತಿಯ ಮೇಲೆ ಒಂದು ಹದ್ದು ಬಂದು ಹೋಯಿತು, ಸೈಕಲ್ ಬರಲಿಲ್ಲ.

“ಭಜ್ಜಿ ತಣ್ಣಗಾಗ್ಲತ್ತದ ದೊಡ್ಡಮ್ಮ,” ಎಂದ ನಂದಕುಮಾರ. “ಜರಾ ನಮಗರ ನೀಡು. ಮೆಹಮಾನರು ಬರೋ ಹಂಗ ಕಾಣಂಗಿಲ್ಲ.”

“ಬರ್ತಾರ.”

“ಬಂದ್ರ ಬರ್ಲಿ. ನಾ ಏನ್ ಬ್ಯಾಡಂದೀನಾ?” ಎಂದು ಬೋಗುಣಿಯ ಕಡೆ ಕೈ ಚಾಚಿದ. ಕೈಗೆ ಒಂದೇಟು ಕೊಟ್ಟೆ. ಆಮೇಲೆ ಮನಸ್ಸು ತಡೆಯದೆ ಒಂದು ರೊಟ್ಟಿ ಭಜ್ಜಿ ಕೊಟ್ಟೆ. ಎದುರಿಗೆ ಕುಳಿತವನನ್ನು ಹಸಿದಿರಿಸುವುದು ಹೇಗೆ? ತಿಂದ. ತಿಂದು, ಚಂದ ಆಗ್ಯದ ಎಂದ. ಅವನ ಬಾಯಿಂದ ಹೊಗಳಿಕೆ ಕೇಳಿ ಇನ್ನಷ್ಟು ಮೈ ಉರಿಯಿತು.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಗದ್ದಲ ಕೇಳಿತು. ಗುಡ್ಡದ ಕಡೆಯಿಂದಲ್ಲ, ಬೆನ್ನ ಹಿಂದಿನಿಂದ. ತಿರುಗಿ ನೋಡಿದರೆ ಡಾಂಬರು ರಸ್ತೆಯ ಕಡೆಯಿಂದ ಸೈಕಲ್ಲುಗಳ ಸಾಲು ಬರುತ್ತಿದೆ. ಕೆಂಪು, ಹಸಿರು, ಹಳದಿ ಟೋಪಿಗಳು. ಎಲ್ಲರ ಮುಖವೂ ಹುಳಿ ತಿಂದಂತೆ.

ಮುಂದಿದ್ದವನು ಬೀದರಿನ ಹುಡುಗ, ಮುಬಶ್ಶೀರ ಎಂದು ಹೆಸರು. ಸರಿತಾಳ ಜೊತೆ ಒಮ್ಮೆ ಮನೆಗೆ ಬಂದು ಹೋಗಿದ್ದ. ಸೈಕಲ್ಲಿನಿಂದ ಇಳಿದವನೇ ನನಗೆ ಸಲಾಮು ಹೇಳಿ, “ಅಮ್ಮಾ, ಕಚ್ಚಾ ರಸ್ತಾ ಅಂತ ಹೇಳಿದ್ರು, ಇದು ಪೂರಾ ಡಾಂಬರ ಅದ ಅಲ್ರೀ,” ಎಂದ. “ಹೈದರಾಬಾದಿನವರು ನನ್ನ ಮ್ಯಾಲ ಸಿಟ್ಟಾಗ್ಯಾರ. ಡಾಂಬರ ಮ್ಯಾಲ ಹೊಡೀಲಿಕ್ಕ ಇಷ್ಟ ದೂರ ಯಾಕ ಬರ್ಬೇಕು ಅಂತಾರ.”

“ಬೇವಿನಗಿಡದ ಹತ್ರ ಹೊರಳಲಿಲ್ಲೇನಪ್ಪ?”

“ಹೊರಳ್ಲಿಕ್ಕ ಹೊಂಟಿದ್ವಿ. ಅಲ್ಲಿ ಒಬ್ರು ರುಮಾಲಿನ ಮುತ್ಯಾ ನಿಂತಿದ್ರು. ಬಡಿಗಿ ಅಡ್ಡ ಹಿಡದ್ರು. ಆ ಕಡಿ ಹೋಗ್ಬ್ಯಾಡ್ರಿ, ಬೀಳ್ತೀರಿ, ಕೈಕಾಲ ಮುರೀತಾವ ಅಂದ್ರು. ಫೋನಿನಾಗ ದಾರಿ ತೋರ್ಸಲತ್ತದ ಅಂದ್ರ, ಫೋನಿಗಿ ಏನ್ ಗೊತ್ತದ, ಈ ರಸ್ತಾ ನಾನೇ ಹಾಕೀನಿ ಅಂದ್ರು.”

ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ.

“ನೀರು, ಬೆಲ್ಲನೂ ಕೊಟ್ರು,” ಎಂದ ಮುಬಶ್ಶೀರ. “ಭಾಳ ಛಲೋ ಮನಸ್ಯಾ. ಹಿಂದ ಬಂದವರು ಎಲ್ಲಾರೂ ನಮ್ಮ ಹಿಂದೇ ಬಂದ್ರು.”

ನಂದಕುಮಾರ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಗಂಭೀರವಾಗಿ ಎದ್ದು ಧೋತರ ಕೊಡವಿಕೊಂಡು, “ಕಾಕಾ, ನೋಡಿದ್ರಿ. ದೊಡ್ಡಪ್ಪನೇ ದಾರಿ ಇಲ್ಲ ಅಂತ ಹೇಳ್ಯಾನ. ನಾ ಏನೂ ಮಾತಾಡಂಗಿಲ್ಲ,” ಎಂದ.

ಕಾಶೀನಾಥಪ್ಪನವರು ನನ್ನನ್ನು ನೋಡಿದರು. “ಸುಂದರಬಾಯಿ,” ಎಂದರು ಮೆಲ್ಲಗೆ, “ಇವರು ಆ ದಾರೀಲೆ ಬರ್ಲಿಲ್ಲ.”

“ಬರ್ಲಿಲ್ಲ,” ಎಂದೆ.

ಬಂದವರು ಕಂಬಳಿಯ ಮೇಲೆ, ಮಣ್ಣಿನ ಮೇಲೆ ಕುಳಿತು ಉಣ್ಣತೊಡಗಿದರು. ನಾನು ಬಡಿಸುತ್ತಿದ್ದೆ. ಕಣ್ಣು ಉರಿಯುತ್ತಿತ್ತು, ಹಿಂಡಿಯ ಖಾರ ಎಂದು ಸೆರಗಿನಿಂದ ಒರೆಸಿಕೊಂಡೆ. ಎಲ್ಲರಿಗಿಂತ ಹಿಂದೆ ಸರಿತಾ ಬಂದಳು, ಅವಳೂ ಡಾಂಬರಿನ ಮೇಲಿಂದಲೇ. ಅವಳ ಮುಖ ನೋಡಿದರೆ ಬೇವಿನ ಮರದ ಕೆಳಗೆ ಮುತ್ಯಾನ ಜೊತೆ ಒಂದು ಸುತ್ತು ಮಾತು ಮುಗಿಸಿ ಬಂದಿದ್ದಳೆಂದು ಗೊತ್ತಾಗುತ್ತಿತ್ತು.

“ಹಲಗಿ ಎಲ್ಲಿ ಇಟ್ಟಾರ ಕೇಳು ಆಯಿ,” ಎಂದಳು.

“ಎಲ್ಲಿ?”

“ಅದರ ಮ್ಯಾಲ ಕುಂತಾರ.”

ಅವಳು ಅಂಬಲಿ ಕುಡಿದು, ಗುಡ್ಡ ನೋಡಿದಳು, ಕಾಶೀನಾಥಪ್ಪನವರನ್ನು ನೋಡಿದಳು, ಮಂದಿಯನ್ನು ನೋಡಿದಳು. ಆಮೇಲೆ ಎದ್ದು ನಿಂತು ಹಿಂದಿಯಲ್ಲಿ ಎಲ್ಲರಿಗೂ ಏನೋ ಹೇಳಿದಳು. ಈ ತುಂಡು ಹೊಡೆಯದೆ ಹೋದರೆ ಎರಡು ದಿನದ ದಾರಿ ಪೂರಾ ಆದಂತೆ ಲೆಕ್ಕವಿಲ್ಲ, ಈ ಗುಡ್ಡ ಹತ್ತಿ ಆ ಕಡೆ ಇಳಿದು ಬೇವಿನ ಮರ ಮುಟ್ಟಿ ಬರೋಣ ಎಂದು. ಯಾರಾದರೂ ಗೊಣಗಬಹುದು ಎಂದುಕೊಂಡೆ. ಗೊಣಗಲಿಲ್ಲ. ಕಲ್ಲಿನ ಗುಡ್ಡ ನೋಡಿ ಅವರ ಮುಖಗಳು ಅರಳಿದವು. ಊಟ ಅರ್ಧಕ್ಕೆ ಬಿಟ್ಟು ಸೈಕಲ್ ಏರಿದವರೂ ಇದ್ದರು. ನಾನು ರೊಟ್ಟಿ ಮುಗಿಸಿ ಹೋಗ್ರಪ್ಪ ಎನ್ನುತ್ತಲೇ ಇದ್ದೆ.

“ತಿರುಗಿ ಹೋದ್ರ ಲೆಕ್ಕಕ್ಕ ಬರ್ತದೇನ ಕಾಕಾ?” ಎಂದ ನಂದಕುಮಾರ.

“ದಾರಿಗಿ ಹೋಗೋದೇನು, ಬರೋದೇನು,” ಎಂದು ಕಾಶೀನಾಥಪ್ಪನವರು ಬಡಿಗೆ ಊರಿ ಎದ್ದರು. “ಆದರ ಪೂರಾ ದಾಟಬೇಕು. ನಡೀರಿ, ನೋಡೋಣ.”

ನಂದಕುಮಾರ ನನಗೆ ಕೇಳುವಂತೆ ಮೆಲ್ಲಗೆ ಹೇಳಿದ: “ಗುಡ್ಡ ಹತ್ತಿ ಇಳೀತಾರ. ಆಮ್ಯಾಲ ಹೆಂಟ್ಯಾಗ ಏನ್ ಮಾಡ್ತಾರ?”

ಅವರು ಹಳ್ಳ ದಾಟಿ ಹೋದರು. ಗುಡ್ಡದ ಮೇಲೆ ಗಾಲಿಯ ಕೆಳಗೆ ಮುರುಮು ಪುರುಪುರು ಎನ್ನುತ್ತಿತ್ತು. ಒಬ್ಬಳು ಹೆಂಗಸು, ನನ್ನ ಮಗಳ ವಯಸ್ಸಿನವಳು, ಕಲ್ಲಿನ ಹಾಸಿನ ಬಂಡಿಗೆರೆಯಲ್ಲಿ ಗಾಲಿ ಇಳಿಸಿಕೊಂಡು ಹೋಗಿ ನಕ್ಕಳು. ಕಾಶೀನಾಥಪ್ಪನವರು ಮೆಲ್ಲಗೆ ಹತ್ತಿದರು, ನಾನು ಇನ್ನೂ ಮೆಲ್ಲಗೆ, ನಂದಕುಮಾರ ನಮ್ಮಿಬ್ಬರ ಮುಂದೆ. ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಸೈಕಲ್ಲಿನವರೆಲ್ಲ ಇಳಿದು ನಿಂತಿದ್ದರು.

ಎದುರಿಗೆ ಉತ್ತ ಹೊಲ. ಎಲ್ಲಿ ನೋಡಿದರೂ ಹೆಂಟೆ. ದೂರದಲ್ಲಿ ಬೇವಿನ ಮರ, ಮರದ ಕೆಳಗೆ ಬಿಳಿ ರುಮಾಲು. ಮುಬಶ್ಶೀರ ಧೈರ್ಯ ಮಾಡಿ ಸೈಕಲ್ ಒಳಗೆ ನೂಕಿದ. ಗಾಲಿ ಎರಡು ಹೆಂಟೆಗಳ ನಡುವೆ ಹೊಕ್ಕು ನಿಂತಿತು, ಅವನು ಮುಂದಕ್ಕೆ ಹೋಗಿ ಕೂತ. ಇನ್ನೊಬ್ಬನು ಇನ್ನೊಂದು ಕಡೆ ನೋಡಿದ, ಅದೂ ಹಾಗೆಯೇ. ಆಗ ಎಲ್ಲರ ಕಣ್ಣೂ ಎಡಗಡೆಯ ಕಡಲೆಯ ಕಡೆ ಹೊರಳಿತು. ಅಲ್ಲಿ ನೆಲ ಸಾಫಾಗಿತ್ತು. ಗಿಡ ಮೊಣಕಾಲಿಗೂ ಬರುವುದಿಲ್ಲ. ಪಟ್ಟಣದವರಿಗೆ ಅದು ಬೆಳೆಯೋ ಹುಲ್ಲೋ ಯಾರು ಹೇಳಬೇಕು? ಇಬ್ಬರು ಸೈಕಲ್ ಎತ್ತಿ ಬದುವಿನ ಮೇಲಿಟ್ಟರು.

ನಂದಕುಮಾರ ಓಡಿದ. ಅವನು ಓಡಿದ್ದನ್ನು ನಾನು ಅವನ ಮದುವೆಯಾದ ಮೇಲೆ ನೋಡಿರಲಿಲ್ಲ.

“ಕಡ್ಲಿ, ಕಡ್ಲಿ,” ಎನ್ನುತ್ತ ಬದುವಿನ ಮೇಲೆ ಎರಡೂ ಕೈ ಚಾಚಿ ನಿಂತ. “ಹೂ ಅದ ತಾಯಿ, ತುಳೀಬ್ಯಾಡ್ರಿ.”

ಗೆರೆಯಲ್ಲಿ ಗಾಲಿ ಇಳಿಸಿದ್ದ ಹೆಂಗಸು ಗಾಬರಿಯಾಗಿ ಸೈಕಲ್ ಹಿಂದಕ್ಕೆಳೆದುಕೊಂಡಳು. ಅವನ ಮುಂದೆ ಕೈ ಜೋಡಿಸಿ ತಪ್ಪಾಯಿತೆಂದಳು. ಬೆವರು ಅವಳ ಗದ್ದದಿಂದ ಇಳಿಯುತ್ತಿತ್ತು. “ಭೈಯ್ಯಾ, ರಸ್ತಾ ಕಿಧರ್ ಹೈ?” ಎಂದು ಕೇಳಿದಳು.

ನಂದಕುಮಾರ ಅವಳನ್ನು ನೋಡಿದ, ಕಡಲೆ ನೋಡಿದ. ನಮ್ಮ ಕಡೆಗೆ ತಿರುಗಿ ನೋಡಲಿಲ್ಲ. ನಮ್ಮ ಕಡೆಯ ಮಂದಿಗೆ ಬಾಯಾರಿದವರು ದಾರಿ ಕೇಳಿದರೆ ಸುಮ್ಮನೆ ನಿಲ್ಲಲು ಬರುವುದಿಲ್ಲ. ನಮ್ಮ ಮನೆಯವರಿಗೂ ಬಂದಿರಲಿಲ್ಲ, ಇವನಿಗೂ ಬರಲಿಲ್ಲ.

“ಬರ್ರಿ,” ಎಂದ, ಸಿಟ್ಟಿನಿಂದಲೇ. “ದಾರಿ ಇಲ್ಲೇ ಅದ. ನನ್ನ ಹಿಂದ ಬರ್ರಿ.”

ಉತ್ತ ಮಣ್ಣಿನಲ್ಲಿ ಅವನು ನಡೆದ. ನೆಲದ ಮೇಲೆ ಒಂದು ಗುರುತಿರಲಿಲ್ಲ, ಆದರೂ ಅವನ ಕಾಲು ಎಲ್ಲಿಯೂ ತಪ್ಪಲಿಲ್ಲ. ಮೊದಲು ನೆಟ್ಟಗೆ, ಆಮೇಲೆ ಹುಗಿದ ಹಳೆಯ ಗಡಿಕಲ್ಲನ್ನು ಬಳಸಿ ಸ್ವಲ್ಪ ಬಲಕ್ಕೆ, ಮತ್ತೆ ಎಡಕ್ಕೆ. ಬಂಡಿ ಹೊಡೆಯುತ್ತಿದ್ದಾಗ ಅವನಪ್ಪ ಎಲ್ಲಿ ಹೊರಳುತ್ತಿದ್ದನೋ ಅಲ್ಲಿಯೇ ಹೊರಳಿದ. ಅವನು ಉತ್ತದ್ದು ಮೇಲಿನ ಮಣ್ಣು ಮಾತ್ರ. ಕೆಳಗೆ ಎಷ್ಟೋ ಕಾಲದ ಗಾಲಿಗಳು ತುಳಿದ ನೆಲ ಗಟ್ಟಿಯಾಗಿಯೇ ಇತ್ತು. ಕಾಲಿನಿಂದ ಹೆಂಟೆ ಒದ್ದು ಒದ್ದು ಬದಿಗೆ ಸರಿಸುತ್ತ ಹೋದ. ಹಿಂದೆ ಸೈಕಲ್ ನೂಕಿಕೊಂಡು ಮೂವತ್ತು ನಲವತ್ತು ಮಂದಿ. ಅವರು ಹೋದ ಮೇಲೆ ಅಲ್ಲಿ ಕರಿಮಣ್ಣಿನಲ್ಲಿ ಒಂದು ಬಾಗಿದ ಪಟ್ಟಿ ಬಿತ್ತು, ಯಾರು ನೋಡಿದರೂ ದಾರಿ ಎನ್ನುವಂತೆ.

ಬೇವಿನ ಮರದ ಕೆಳಗೆ ನಮ್ಮ ಮನೆಯವರು ಹಲಗೆಯ ಮೇಲಿಂದ ಎದ್ದು ನಿಂತಿದ್ದರು. ಆ ಮಂದಿ ಮಣ್ಣು ಮೆತ್ತಿಕೊಂಡು, ಏದುಸಿರು ಬಿಡುತ್ತ ಬರುವುದನ್ನು ನೋಡಿ ಅವರ ಮುಖ ಸಣ್ಣದಾಯಿತು. ಒಬ್ಬೊಬ್ಬರ ಮುಂದೆಯೂ ಕೈ ಮುಗಿದು, “ತಕಲೀಫ ಆಯ್ತು, ಮಾಫ ಮಾಡ್ರಿ, ಇದು ನಮ್ಮೂರ ರಸ್ತಾ ಅಲ್ಲ, ರಸ್ತಾ ಆ ಕಡಿ ಅದ,” ಎನ್ನುತ್ತಿದ್ದರು. ಮಂದಿ ಅವರ ಕೈ ಹಿಡಿದು ಕುಲುಕುತ್ತಿದ್ದರು. ಮುಬಶ್ಶೀರ, “ಮುತ್ಯಾ, ಬೀದರಿನಿಂದ ಇಲ್ಲೀ ತನಕ ಇದೇ ಎಲ್ಲಕ್ಕಿಂತ ಛಲೋ ತುಂಡು,” ಎಂದ. ಇವನಿಗೆ ಬಿಸಿಲು ಬಡಿದಿದೆ ಎಂದುಕೊಂಡು ನಮ್ಮ ಮನೆಯವರು ಅವನ ತಲೆಗೆ ನೀರು ಹಾಕಿದರು.

ಸೈಕಲ್ಲುಗಳು ಬಂದ ದಾರಿಯಲ್ಲೇ ತಿರುಗಿ ಗುಡ್ಡ ಹತ್ತಿ ಹೋದವು. ಸರಿತಾ ಹೋಗುತ್ತ ನನ್ನ ಕೆನ್ನೆ ಹಿಂಡಿ ಹೋದಳು.

ಕಾಶೀನಾಥಪ್ಪನವರು ಬೇವಿನ ಬೇರಿನ ಮೇಲೆ ಕುಳಿತು ಸೊಂಟ ಒತ್ತಿಕೊಳ್ಳುತ್ತಿದ್ದರು. ನಂದಕುಮಾರ ಚಪ್ಪಲಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದ.

“ನಂದು,” ಎಂದರು ಅವರು.

“ಏನ್ ಕಾಕಾ.”

“ಆ ಹೆಣ್ಮಗಳಿಗಿ ಏನ್ ಹೇಳ್ದಿ?”

ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ. “ಕಡ್ಲಿ ತುಳೀತಿದ್ರು ಕಾಕಾ.”

“ಅದಲ್ಲ. ದಾರಿ ಎಲ್ಲಿ ಅಂತ ಕೇಳಿದ್ಲು. ನೀ ಏನ್ ಹೇಳ್ದಿ?”

ನಂದಕುಮಾರ ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಕೈಗೆತ್ತಿಕೊಂಡ.

“ಇಲ್ಲೇ ಅದ ಅಂದಿ. ಮುಂದ ನಿಂತು ತೋರ್ಸಿದಿ. ಹೊರಗಿನವರಿಗಿ ತೋರ್ಸಿದ ದಾರಿ ನಾಳಿ ಇಲ್ಲ ಅಂದ್ರ ಅವರಿಗಿ ಸುಳ್ಳ ಹೇಳಿದಂಗ ಆಗ್ತದ. ಮತ್ತ ಬರೋ ವರ್ಷ ಬಂದು ಕೇಳಿದ್ರ ಯಾವ ಮುಖ ತೋರ್ಸ್ತಿ?”

“ಮೊದಲ ದೊಡ್ಡಪ್ಪ ಇಲ್ಲ ಅಂದಿದ್ದ,” ಎಂದ ನಂದಕುಮಾರ.

“ಅವನ ಮಾತ ಬಿಡು,” ಎಂದರು ಕಾಶೀನಾಥಪ್ಪನವರು. “ಅವ ಡಾಂಬರ ಇಲ್ಲಂದ್ರ ಸ್ವರ್ಗಕ್ಕೂ ದಾರಿ ಇಲ್ಲ ಅಂತಾನ.”

ನಂದಕುಮಾರ ಕಡ್ಡಿ ಎಸೆದು ಎದ್ದ. “ಒಂದ ಬಂಡಿ ಅಗಲ,” ಎಂದ ನನಗೆ, ಮುಖ ನೋಡದೆ. “ಅದಕ್ಕಿಂತ ಒಂದ ಗೇಣ ಹೆಚ್ಚ ಬಿಡಂಗಿಲ್ಲ. ನಿನ್ನ ಕುರಿ ಕಡ್ಲಿಗಿ ಬಾಯಿ ಹಾಕಿದ್ರ ಕಟ್ಟಿ ಹಾಕ್ತೇನಿ.”

“ಕಟ್ಟಿ ಹಾಕಪ್ಪ,” ಎಂದೆ. “ಹೆಂಟಿ ಯಾವಾಗ ಒಡೀತಿ?”

“ನಾಳಿ.”

“ನಾಳಿ ಮಣ್ಣು ಹದ ಇರ್ತದೇನ?”

ಅವನು ಕಾಶೀನಾಥಪ್ಪನವರ ರಟ್ಟೆ ಹಿಡಿದು ಎಬ್ಬಿಸಿದ. ಅವನ ಮೋಟರ್‌ಸೈಕಲ್ ಹುಣಸೆಮರದ ಕೆಳಗೆ ಉಳಿದಿತ್ತು. ಹೋಗಿ ತರಬೇಕಿತ್ತು, ಗುಡ್ಡದ ಮೇಲಿಂದಲೇ.

ನನ್ನ ಬೋಗುಣಿ, ಕೊಡ ಎಲ್ಲ ಅಲ್ಲಿಯೇ ಇದ್ದವು. ಹಲಗೆಯನ್ನು ನೆಲದಿಂದ ಎತ್ತಿದೆ. ಅರ್ಧ ಅಕ್ಷರ ನಮ್ಮ ಮನೆಯವರ ಮಡಿ ಧೋತರಕ್ಕೆ ಹತ್ತಿಕೊಂಡು ಹೋಗಿತ್ತು. ಅವರ ಹಿಂದೆ ಹೋಗಿ ನೋಡಿದರೆ ಧೋತರದ ಮೇಲೆ ಬಾಣ ಮಾತ್ರ ಚೆನ್ನಾಗಿ ಮೂಡಿತ್ತು, ಡಾಂಬರು ರಸ್ತೆಯ ಕಡೆ ತೋರಿಸುತ್ತ. ಬೈಯಲು ಹೊರಟರೆ ಸಂಜೆಯಾಗುತ್ತಿತ್ತು.

“ನಡೀರಿ, ಭಾಂಡಿ ತರ್ಬೇಕು,” ಎಂದು ಬಂಡಿದಾರಿಗೆ ಇಳಿದೆ.

ಅವರು ಡಾಂಬರಿನ ಅಂಚಿನಲ್ಲಿ ನಿಂತೇ ಇದ್ದರು. “ಈ ಕಡಿಂದ ಸುತ್ತಿ ಹೋಗಮು. ಅಲ್ಲಿ ಕಲ್ಲ ಅವ.”

“ನೀವು ಸುತ್ತಿ ಬರ್ರಿ. ನಾ ಹೋಗ್ತೇನಿ.”

ನಡೆದೆ. ಗಾಲಿ ಹಾದ ಮಣ್ಣು ಮೆತ್ತಗೆ ಒತ್ತಿಕೊಂಡಿತ್ತು, ಕಾಲಿಗೆ ಹಿತವಾಗಿತ್ತು. ಗಡಿಕಲ್ಲಿನ ಹತ್ತಿರ ಹೊರಳುವಾಗ ಹಿಂದೆ ಬಡಿಗೆಯ ಸಪ್ಪಳ ಕೇಳಿತು. ಬರುತ್ತಿದ್ದರು, ಹೆಂಟೆಗೊಂದು ಮಾತು ಬೈಯುತ್ತ. ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಬೈಯುವುದು ನಿಂತಿತು. ಸುಸ್ತಾಯಿತೇನೋ ಎಂದು ತಿರುಗಿ ನೋಡಿದೆ. ಅವರು ದಾರಿಯ ಈ ಬದಿಯಿಂದ ಆ ಬದಿಗೆ ಹೆಜ್ಜೆ ಹಾಕಿ ಅಗಲ ಅಳೆಯುತ್ತಿದ್ದರು.

“ಸುಂದರಬಾಯಿ,” ಎಂದರು, “ಒಂದ ಬಂಡಿ ಅಗಲ ಅಂದ್ರ ಸಾಕು. ತಳಕ್ಕ ಖಡಿ ಹಾಸೋ ಬದಲಿ ಇದೇ ಮುರುಮು ಹಾಕಿ, ಮ್ಯಾಲ ಡಾಂಬರ ಸುರದ್ರ ಬರೋ ವರ್ಷ ಆ ಮಂದಿಗಿ ಏನೂ ತಕಲೀಫ ಆಗಂಗಿಲ್ಲ.”

ಹಲಗೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಗುಡ್ಡ ಹತ್ತಿದೆ.